‘ಅಪಘಾತದಲ್ಲಿ ಮರಣ’: ಬಾರ್ನ್‌ಬೋ ಸ್ಫೋಟ ಮತ್ತು ಯುದ್ಧಕಾಲದ ಪತ್ರಿಕೆಗಳನ್ನು ಓದುವ ಬಗೆ

1916ರ ಡಿಸೆಂಬರ್ 5, ಮಂಗಳವಾರ. ಇಂಗ್ಲೆಂಡಿನ ಲೀಡ್ಸ್ ನಗರದ ಪೂರ್ವದ ಅಂಚಿನಲ್ಲಿ, ಕ್ರಾಸ್‌ಗೇಟ್ಸ್‌ನ ಆಚೆಗಿದ್ದ ಬಾರ್ನ್‌ಬೋ ಮದ್ದುಗುಂಡು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಆಗಷ್ಟೇ ಶುರುವಾಗಿತ್ತು. 10 ಗಂಟೆ 27 ನಿಮಿಷಕ್ಕೆ 42ನೇ ಕೊಠಡಿಯಲ್ಲಿ ಸ್ಫೋಟವಾಯಿತು. 35 ಮಹಿಳೆಯರು ಸತ್ತರು, ಇನ್ನೂ ಹಲವರು ಗಾಯಗೊಂಡರು. ಒಂದು ಊರಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಅಪರೂಪ. ಆದರೂ ಮರುದಿನದ ಸ್ಥಳೀಯ ಪತ್ರಿಕೆಗಳಲ್ಲಿ ಇದರ ವರದಿ ಬರಲಿಲ್ಲ. ಮೊದಲ ಮಹಾಯುದ್ಧ ಮುಗಿದು ಆರು ವರ್ಷಗಳಾದ ಮೇಲೆ, 1924ರಲ್ಲಿ, ಸಾರ್ವಜನಿಕರಿಗೆ ಘಟನೆಯ ವಿವರ ತಿಳಿಯಿತು.

ಹಾಗೆಂದು ಪತ್ರಿಕೆಗಳಲ್ಲಿ ಏನೂ ಇರಲಿಲ್ಲವೆಂದಲ್ಲ. ಲೀಡ್ಸ್‌ನ ಸಂಜೆ ಪತ್ರಿಕೆ ಯಾರ್ಕ್‌ಶೈರ್ ಈವನಿಂಗ್ ಪೋಸ್ಟ್‌ನ ನಿಧನ ಸೂಚನೆಗಳ ಅಂಕಣದಲ್ಲಿ ಆ ದಿನಗಳಲ್ಲಿ ಒಂದರ ಹಿಂದೊಂದು ಹೆಣ್ಣುಮಕ್ಕಳ ಹೆಸರುಗಳು ಬಂದವು, ಜೊತೆಗೆ ‘ಅಪಘಾತದಲ್ಲಿ ಮರಣ’ ಎಂಬ ಚಿಕ್ಕ ಒಕ್ಕಣೆ. ಸುದ್ದಿಯಾಗಿ ಹೊರಬರಲಾಗದೆ ಹೋದದ್ದು ಜಾಹೀರಾತಾಗಿ ಹೊರಬಂದಿತ್ತು. ಸ್ಥಳೀಯ ಇತಿಹಾಸವನ್ನು ಯುದ್ಧಕಾಲದ ಪತ್ರಿಕೆಗಳ ಮೂಲಕ ಕಟ್ಟಲು ಹೊರಡುವವರು ಮೊದಲಿಗೆ ಈ ಪ್ರಕರಣವನ್ನು ಕೂಲಂಕಷವಾಗಿ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪತ್ರಿಕೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಹೇಳದೆಯೂ ಏನನ್ನು ಬಿಟ್ಟುಕೊಡುತ್ತದೆ ಎಂಬ ಮೂರೂ ಇಲ್ಲಿ ಒಂದೇ ಪುಟದಲ್ಲಿ ಕಾಣಸಿಗುತ್ತವೆ.

ಈ ಕಾರ್ಖಾನೆ ಹುಟ್ಟಿದ್ದಕ್ಕೂ ಪತ್ರಿಕೆಯೊಂದರ ವರದಿಯೇ ಒಂದು ಕಾರಣವಾಗಿತ್ತು ಎಂಬುದು ಈ ಕಥೆಯ ವಿಚಿತ್ರ. 1915ರ ಮೇ 9ರಂದು ಫ್ರಾನ್ಸಿನ ಓಬೆರ್ ದಿಬ್ಬದ ಮೇಲೆ ಬ್ರಿಟಿಷ್ ಸೇನೆ ನಡೆಸಿದ ದಾಳಿ ವಿಫಲವಾಯಿತು. ಮೇ 14ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅದರ ಸೇನಾ ವರದಿಗಾರ ರೆಪಿಂಗ್ಟನ್, ತೀವ್ರ ಸ್ಫೋಟಕ ತುಂಬಿದ ಶೆಲ್‌ಗಳ, ಅಂದರೆ ಫಿರಂಗಿ ಗುಂಡುಗಳ, ಕೊರತೆಯೇ ಸೋಲಿಗೆ ಕಾರಣವೆಂದು ಬರೆದ. ಅದು ರಾಜಕೀಯದಲ್ಲಿ ಬಿರುಗಾಳಿ ಎಬ್ಬಿಸಿತು. ಸಮ್ಮಿಶ್ರ ಸರ್ಕಾರ ಬಂತು, ಮದ್ದುಗುಂಡುಗಳಿಗೆಂದೇ ಪ್ರತ್ಯೇಕ ಸಚಿವಾಲಯ ಹುಟ್ಟಿ ಲಾಯ್ಡ್ ಜಾರ್ಜ್ ಅದರ ಸಚಿವರಾದರು. ದೇಶದ ಉದ್ದಗಲಕ್ಕೂ ಶೆಲ್ ತುಂಬುವ ಕಾರ್ಖಾನೆಗಳನ್ನು ಕಟ್ಟಲು ತೊಡಗಿದಾಗ ಲೀಡ್ಸ್‌ನ ಸಾಬೂನು ಉದ್ಯಮಿ ಜೋಸೆಫ್ ವಾಟ್ಸನ್ ಅವರ ಮುಂದಾಳತ್ವದಲ್ಲಿ ಬಾರ್ನ್‌ಬೋದ ಹೊಲಗಳಲ್ಲಿ ‘ರಾಷ್ಟ್ರೀಯ ಶೆಲ್ ತುಂಬುವ ಕಾರ್ಖಾನೆ ಸಂಖ್ಯೆ 1’ ಎದ್ದಿತು. ಪತ್ರಿಕೆಯ ಒಂದು ವರದಿ ಸರ್ಕಾರವನ್ನೇ ಅಲುಗಾಡಿಸಬಲ್ಲದೆಂದು 1915ರಲ್ಲಿ ಕಂಡುಕೊಂಡವರು 1916ರಲ್ಲಿ ಎಂಥ ವರದಿ ಹೊರಬೀಳಬಾರದೆಂಬ ವಿಷಯದಲ್ಲಿ ಎಚ್ಚರವಾಗಿದ್ದುದು ಅಚ್ಚರಿಯಲ್ಲ.

ಸುಮಾರು 400 ಎಕರೆಯ ಈ ಕಾರ್ಖಾನೆಯಲ್ಲಿ ಕೆಲಸ ಉತ್ತುಂಗದಲ್ಲಿದ್ದಾಗ 16,000ದಷ್ಟು ಜನ ದುಡಿಯುತ್ತಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ದಿನಕ್ಕೆ ಎಂಟೆಂಟು ಗಂಟೆಯ ಮೂರು ಪಾಳಿ. ಲೀಡ್ಸ್‌ನಿಂದಷ್ಟೇ ಅಲ್ಲದೆ ಯಾರ್ಕ್, ಹ್ಯಾರೋಗೇಟ್, ಕಾಸಲ್‌ಫರ್ಡ್, ವೇಕ್‌ಫೀಲ್ಡ್ ಮುಂತಾದ ಊರುಗಳಿಂದಲೂ ಅವರನ್ನು ಕರೆತಂದು ಮರಳಿ ಒಯ್ಯಲು ವಿಶೇಷ ರೈಲುಗಳು ಓಡುತ್ತಿದ್ದವು. ಈ ಊರುಗಳ ಪಟ್ಟಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದು ಬೇಕಾಗುತ್ತದೆ. ಸ್ಫೋಟಕದೊಡನೆ ಸದಾ ಒಡನಾಡಿ ಇವರ ಚರ್ಮ ಹಳದಿಗೆ ತಿರುಗುತ್ತಿತ್ತು. ಜನ ಇವರನ್ನು ಹಳದಿ ಹಕ್ಕಿ ‘ಕೆನರಿ’ಯ ಹೆಸರಿನಿಂದ ಕರೆದರು. ಹಾಲು ಕುಡಿದರೆ ವಿಷ ತಗ್ಗುತ್ತದೆಂಬ ನಂಬಿಕೆಯಿಂದ ಕಾರ್ಖಾನೆಯೇ 120 ಹಸುಗಳ ಹಟ್ಟಿಯನ್ನು ಇಟ್ಟುಕೊಂಡಿತ್ತು. ಒಳಗೆ ಹೋಗುವ ಮೊದಲು ಬೆಂಕಿಕಡ್ಡಿ, ತಲೆಗೂದಲಿನ ಪಿನ್ನು ಎಲ್ಲವನ್ನೂ ತೆಗೆದಿಟ್ಟು, ನಿಲುವಂಗಿ, ಟೋಪಿ ಮತ್ತು ರಬ್ಬರ್ ಅಟ್ಟೆಯ ಪಾದರಕ್ಷೆ ತೊಡಬೇಕಿತ್ತು. ಕುತ್ತಿಗೆಯಲ್ಲಿ ಗುರುತಿನ ಬಿಲ್ಲೆ ಇರುತ್ತಿತ್ತು.

42ನೇ ಕೊಠಡಿಯ ಕೆಲಸವೆಂದರೆ, ಮದ್ದು ತುಂಬಿ ಬಂದ ನಾಲ್ಕೂವರೆ ಇಂಚಿನ ಶೆಲ್‌ಗಳ ಮೂತಿಗೆ ಅವನ್ನು ಸಿಡಿಸುವ ಸಾಧನವಾದ ಫ್ಯೂಸ್ ಕೂರಿಸಿ ಮುಚ್ಚಳ ಬಿಗಿಯುವುದು. ಮೊದಲು ಕೈಯಿಂದ ಫ್ಯೂಸನ್ನು ತಿರುಗಿಸಿ ಕೂರಿಸಬೇಕು. ಬಳಿಕ ಶೆಲ್ಲನ್ನು ಯಂತ್ರದಲ್ಲಿಟ್ಟು ಪೂರ್ತಿ ಬಿಗಿಮಾಡಬೇಕು. ಹೀಗೆ ಯಂತ್ರದಲ್ಲಿ ಬಿಗಿಯುವಾಗಲೇ ಒಂದು ಶೆಲ್ ಸಿಡಿಯಿತು. ಆಗ ಕೊಠಡಿಯಲ್ಲಿ ಸುಮಾರು 170 ಮಂದಿ ಇದ್ದರು. ಸತ್ತವರಲ್ಲಿ ಹಲವರನ್ನು ಗುರುತಿಸಲು ಕುತ್ತಿಗೆಯ ಬಿಲ್ಲೆಯ ಹೊರತು ಬೇರೆ ದಾರಿ ಉಳಿದಿರಲಿಲ್ಲ. ಮೆಕ್ಯಾನಿಕ್ ವಿಲಿಯಂ ಪಾರ್ಕಿನ್ ಮತ್ತೆ ಮತ್ತೆ ಒಳಹೊಕ್ಕು ಸುಮಾರು ಹನ್ನೆರಡು ಮಂದಿಯನ್ನು ಹೊರತಂದರು. ಶವಗಳನ್ನು ಸಾಗಿಸಿದ ಕೆಲವೇ ಗಂಟೆಗಳಲ್ಲಿ ಬೇರೆ ಹೆಣ್ಣುಮಕ್ಕಳು ತಾವಾಗಿಯೇ ಮುಂದೆ ಬಂದು ಅದೇ ಕೊಠಡಿಯಲ್ಲಿ ಕೆಲಸ ಮುಂದುವರಿಸಿದರು.

ಇಷ್ಟು ವಿವರ ಇಂದು ನಮ್ಮ ಕೈಯಲ್ಲಿದೆ. ಪ್ರಕರಣವನ್ನು ಅಧ್ಯಯನ ಮಾಡಲು ಇದನ್ನೆಲ್ಲ ಕ್ಷಣಕಾಲ ಮರೆತು, 1916ರ ಡಿಸೆಂಬರಿನ ಪತ್ರಿಕೆಗಳನ್ನು ಮಾತ್ರ ಮುಂದಿಟ್ಟುಕೊಂಡು ಕೂತ ಸಂಶೋಧಕನ ಜಾಗದಲ್ಲಿ ನಿಲ್ಲಬೇಕು. ಅವನು ಇದನ್ನು ಪತ್ತೆಹಚ್ಚಬಲ್ಲನೆ?

ಇಂದಿನ ರೂಢಿಯಂತೆ ಅವನು ಗಣಕೀಕೃತ ಪತ್ರಿಕಾ ಸಂಗ್ರಹವೊಂದನ್ನು ತೆರೆದು ‘ಬಾರ್ನ್‌ಬೋ’, ‘ಸ್ಫೋಟ’ ಎಂದು ಹುಡುಕುತ್ತಾನೆ. 2011ರಲ್ಲಿ ಆರಂಭವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಜಾಲತಾಣ ಬಂದ ಮೇಲೆ ತಿಂಗಳುಗಳ ಕೆಲಸ ನಿಮಿಷಗಳಿಗೆ ಇಳಿದಿದೆ, ನಿಜ. ಆದರೆ ಹುಡುಕು ಪೆಟ್ಟಿಗೆ ಕೊಡುವುದು ಅಚ್ಚಾದ ಪದವನ್ನು ಮಾತ್ರ. ಅಚ್ಚಾಗದಂತೆ ತಡೆಹಿಡಿದ ಪದವನ್ನು ಅಚ್ಚಾದದ್ದರಲ್ಲಿ ಹುಡುಕಿ, ಸಿಗಲಿಲ್ಲವೆಂದು ಎದ್ದು ಹೋಗುವುದು ಯುದ್ಧಕಾಲದ ಸಂಶೋಧನೆಯಲ್ಲಿ ಅತಿ ಸಾಮಾನ್ಯವಾದ ತಪ್ಪು. ಇನ್ನೊಂದು ತೊಡಕೂ ಇದೆ: ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ತಂತ್ರಾಂಶ ಹೆಚ್ಚು ಎಡವುವುದು ಇರುವೆಸಾಲಿನಂಥ ಸಣ್ಣ ಅಚ್ಚಿನಲ್ಲಿ, ಅಂದರೆ ವರ್ಗೀಕೃತ ಜಾಹೀರಾತು ಮತ್ತು ನಿಧನ ಸೂಚನೆಗಳಲ್ಲಿಯೇ. ನಮಗೆ ಬೇಕಾದ ಸಾಕ್ಷ್ಯ ಇರುವುದೂ ಅಲ್ಲಿಯೇ. ಹಾಗಾಗಿ ಪದವನ್ನು ಬಿಟ್ಟು ದಿನಾಂಕವನ್ನು ಹಿಡಿಯಬೇಕು. ಒಂದೊಂದು ಸಂಚಿಕೆಯನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಣ್ಣಾರೆ ಓದಬೇಕು. ಇದಕ್ಕೆ ಒಳದಾರಿ ಇಲ್ಲ.

ಹಾಗೆ ಓದಲು ಕೂತರೆ ಆ ವಾರದ ಪುಟಗಳನ್ನು ಆವರಿಸಿಕೊಂಡಿರುವುದು ಬೇರೆಯೇ ಸುದ್ದಿ. ಡಿಸೆಂಬರ್ 5ರ ಸಂಜೆಯೇ ಪ್ರಧಾನಿ ಆಸ್ಕ್ವಿತ್ ರಾಜೀನಾಮೆ ಕೊಟ್ಟರು. ಮರುದಿನ ರುಮೇನಿಯಾದ ರಾಜಧಾನಿ ಬುಕಾರೆಸ್ಟ್ ಶತ್ರುಗಳ ಕೈಸೇರಿತು. 7ರಂದು ಲಾಯ್ಡ್ ಜಾರ್ಜ್ ಪ್ರಧಾನಿಯಾದರು, ಅದೇ ಮದ್ದುಗುಂಡು ಸಚಿವಾಲಯದ ಮೊದಲ ಸಚಿವರು. ಲೀಡ್ಸ್‌ನ ಸ್ಫೋಟ ಏಕೆ ಸುದ್ದಿಯಾಗಲಿಲ್ಲ ಎಂಬ ಪ್ರಶ್ನೆಗೆ ‘ದೊಡ್ಡ ಸುದ್ದಿಗಳ ನಡುವೆ ಜಾಗ ಸಿಗಲಿಲ್ಲ’ ಎಂಬ ಉತ್ತರ ಇಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಈ ಉತ್ತರವನ್ನು ಒಪ್ಪಲಾಗದು. ಪ್ರಧಾನಿ ಯಾರಾದರೂ ಆಗಲಿ, ತನ್ನ ಊರಿನ 35 ಹೆಣ್ಣುಮಕ್ಕಳು ಒಂದೇ ಕ್ಷಣದಲ್ಲಿ ಸತ್ತದ್ದನ್ನು ಸ್ಥಳೀಯ ಸಂಜೆ ಪತ್ರಿಕೆ ಜಾಗದ ಕೊರತೆಯಿಂದ ಬಿಡುವುದಿಲ್ಲ.

ಕಾರಣ ಕಾನೂನಿನಲ್ಲಿತ್ತು. ಯುದ್ಧ ಘೋಷಣೆಯಾಗಿ ನಾಲ್ಕೇ ದಿನಕ್ಕೆ, 1914ರ ಆಗಸ್ಟ್ 8ರಂದು, ದೇಶರಕ್ಷಣಾ ಕಾಯ್ದೆ ಜಾರಿಗೆ ಬಂತು. ಶತ್ರುವಿಗೆ ಉಪಯೋಗವಾಗಬಲ್ಲ ಮಾಹಿತಿಯ ಪ್ರಕಟಣೆ ಅಪರಾಧವಾಯಿತು. ಅದೇ ಹೊತ್ತಿಗೆ ಸರ್ಕಾರದ ಪ್ರೆಸ್ ಬ್ಯೂರೋ ಕೂಡ ಶುರುವಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನಲ್ಲಿ ಸೆನ್ಸಾರ್ ಎಂದರೆ ಪ್ರತಿ ಪತ್ರಿಕೆಯ ಪ್ರತಿ ಪುಟವನ್ನೂ ಅಚ್ಚಿಗೆ ಮುನ್ನ ಓದಿ ಮುದ್ರೆ ಒತ್ತುವ ಅಧಿಕಾರಿ ಎಂದರ್ಥವಲ್ಲ. ಸಂಪಾದಕರು ತಮ್ಮ ಬರಹವನ್ನು ಬ್ಯೂರೋಗೆ ಕಳಿಸಿ ಕೇಳಬಹುದಿತ್ತು. ಕೇಳದೆ ಪ್ರಕಟಿಸಿದರೆ ಮೊಕದ್ದಮೆಯ ಹೊಣೆ ಅವರದೇ. ಯಾವ ವಿಷಯ ಮುಟ್ಟಬಾರದು ಎಂಬ ಗೋಪ್ಯ ಸೂಚನೆಗಳೂ ಕಾಲಕಾಲಕ್ಕೆ ಅವರ ಮೇಜಿಗೆ ಬರುತ್ತಿದ್ದವು. ಹೀಗಾಗಿ ನಿಯಂತ್ರಣದ ಬಹುಪಾಲು ನಡೆದದ್ದು ಪತ್ರಿಕಾ ಕಚೇರಿಯ ಒಳಗೆ, ಸಂಪಾದಕರ ಕೈಯಿಂದಲೇ. ಸುದ್ದಿ ವಿಭಾಗದ ಮೇಲೆ ಬಿದ್ದಷ್ಟು ಬಿಗಿ ಜಾಹೀರಾತಿನ ಕಿಟಕಿಯ ಮೇಲೆ ಬೀಳಲಿಲ್ಲ. ಮಗಳನ್ನು ಕಳೆದುಕೊಂಡ ತಂದೆ ಕಾಸು ಕೊಟ್ಟು ಮೂರು ಸಾಲು ಬರೆಸಿದರೆ ಅದನ್ನು ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು?

ಈಗ ಆ ಸಾಲುಗಳನ್ನು ಹತ್ತಿರದಿಂದ ನೋಡೋಣ. ಆ ಕಾಲದ ಬ್ರಿಟಿಷ್ ನಿಧನ ಸೂಚನೆಗೆ ಒಂದು ಸಿದ್ಧ ಅಚ್ಚು ಇದೆ: ಮನೆತನದ ಹೆಸರು ಮೊದಲು, ಆಮೇಲೆ ತಾರೀಖು, ವಯಸ್ಸು, ಮೃತರ ಹೆಸರು, ಯಾರ ಮಗಳು ಅಥವಾ ಯಾರ ಹೆಂಡತಿ, ಮನೆ ಇರುವ ಬೀದಿ, ಕೆಲವೊಮ್ಮೆ ಅಂತ್ಯಕ್ರಿಯೆಯ ಸಮಯ ಮತ್ತು ಸ್ಮಶಾನ. ಸಾವಿಗೆ ಕಾರಣ ಹೇಳುವ ಪದ್ಧತಿ ಕಡಿಮೆ; ಹೇಳಿದರೂ ‘ದೀರ್ಘ ಕಾಯಿಲೆಯ ನಂತರ’ ಎಂಬಂಥ ಮಾತು. ಈ ಹಿನ್ನೆಲೆಯಲ್ಲಿ ‘ಅಪಘಾತದಲ್ಲಿ ಮರಣ’ ಎಂಬುದು ಒಂದು ಸಲ ಬಂದರೆ ಅದು ಒಂದು ಮನೆಯ ದುಃಖ. ಅದೇ ಒಕ್ಕಣೆ, ಅದೇ ತಾರೀಖು, ಎಲ್ಲರೂ ಹೆಂಗಸರು, ಹೆಚ್ಚಿನವರು ಎಳೆಯ ವಯಸ್ಸಿನವರು, ವಿಳಾಸಗಳು ಮಾತ್ರ ಬೇರೆ ಬೇರೆ ಬೀದಿಗಳವು ಎಂದಾದರೆ ಓದುಗ ಪೆನ್ಸಿಲು ಕೈಗೆತ್ತಿಕೊಳ್ಳಲೇಬೇಕು. ಬೇರೆ ಬೇರೆ ಬೀದಿಯ ಇಷ್ಟೊಂದು ಹೆಣ್ಣುಮಕ್ಕಳನ್ನು ಒಂದೇ ರಾತ್ರಿ ಒಂದೆಡೆ ಸೇರಿಸಬಲ್ಲದ್ದು ಏನು? ಮನೆಗೆ ಬಿದ್ದ ಬೆಂಕಿಯಲ್ಲ. ರೈಲು ಅಪಘಾತವಾಗಿದ್ದರೆ ಸತ್ತವರಲ್ಲಿ ಗಂಡಸರೂ ಮಕ್ಕಳೂ ಇರುತ್ತಿದ್ದರು. 1916ರಲ್ಲಿ ರಾತ್ರಿ ಹೊತ್ತು ಹೆಂಗಸರು ಮಾತ್ರ ದೊಡ್ಡ ಸಂಖ್ಯೆಯಲ್ಲಿ ಕೂಡಿರುವ ಜಾಗವೆಂದರೆ ಮದ್ದುಗುಂಡು ಕಾರ್ಖಾನೆಯ ರಾತ್ರಿ ಪಾಳಿ. ಕಾರ್ಖಾನೆ ಎಂಬ ಪದವನ್ನೇ ಬಳಸದ ಅಂಕಣ ಓದುಗನನ್ನು ಕಾರ್ಖಾನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಈ ಕೆಲಸದಲ್ಲಿ ಎರಡು ಎಚ್ಚರಿಕೆಗಳು ಬೇಕು. ಮದುವೆಯಾದ ಹೆಂಗಸರು ಗಂಡನ ಹೆಸರಿನಲ್ಲಿ ಅಡಗಿರುತ್ತಾರೆ. ಗಂಡ ಯುದ್ಧರಂಗದಲ್ಲಿದ್ದರೆ ಸೂಚನೆಯನ್ನು ತವರಿನವರು ಕೊಟ್ಟಿರಬಹುದು. ಆಗ ಒಬ್ಬಳೇ ಎರಡು ಹೆಸರುಗಳಲ್ಲಿ ಕಾಣಿಸಿಕೊಂಡು ಎಣಿಕೆ ತಪ್ಪುವ ಸಾಧ್ಯತೆ ಇದೆ. ಹಾಗೆಯೇ ಸೂಚನೆ ಅಚ್ಚಾದ ದಿನವನ್ನು ಸಾವಿನ ದಿನವೆಂದು ಬಗೆಯಬಾರದು. ಗಾಯಗೊಂಡು ಕೆಲ ದಿನಗಳ ಮೇಲೆ ತೀರಿಕೊಂಡವರಿರಬಹುದು, ಹಣ ಹೊಂದಿಸಿ ತಡವಾಗಿ ಪ್ರಕಟಿಸಿದವರಿರಬಹುದು. ಮುಂದಿನ ವರ್ಷದ ಡಿಸೆಂಬರ್ 5ರ ಸುತ್ತಲಿನ ಸಂಚಿಕೆಗಳನ್ನೂ ತಿರುವಿ ಹಾಕಬೇಕು. ನಮ್ಮ ಪತ್ರಿಕೆಗಳ ಪುಣ್ಯತಿಥಿಯ ಜಾಹೀರಾತಿನಂತೆ ಅಲ್ಲಿಯೂ ವರ್ಷಾಬ್ದಿಕದ ಸ್ಮರಣೆ ಅಚ್ಚಾಗುವ ರೂಢಿಯಿತ್ತು. ಮೊದಲ ವರ್ಷ ಪ್ರಕಟಿಸಲು ಶಕ್ತಿಯಿಲ್ಲದ ಮನೆಯವರು ಮರುವರ್ಷ ಎರಡು ಸಾಲು ಬರೆಸಿರುತ್ತಾರೆ.

ಎರಡನೆಯ ಬಗೆಯ ಸಾಕ್ಷ್ಯ ಮೌನ. ಇದನ್ನು ಬಳಸುವಾಗ ಸಂಶೋಧಕರು ಬಹಳ ಸಡಿಲವಾಗಿ ವರ್ತಿಸುತ್ತಾರೆಂಬುದು ನನ್ನ ದೂರು. ‘ಪತ್ರಿಕೆಯಲ್ಲಿಲ್ಲ, ಆದ್ದರಿಂದ ಮುಚ್ಚಿಟ್ಟಿದ್ದಾರೆ’ ಎಂಬುದು ವಾದವಲ್ಲ. ಅಂಥ ಘಟನೆ ಸಾಮಾನ್ಯ ಕಾಲದಲ್ಲಿ, ಅದೇ ಪತ್ರಿಕೆಯಲ್ಲಿ, ಹೇಗೆ ಅಚ್ಚಾಗುತ್ತಿತ್ತು ಎಂದು ಮೊದಲು ತೋರಿಸಬೇಕು. ಇಂಗ್ಲೆಂಡಿನಲ್ಲಿ ಅಸಹಜ ಸಾವಾದರೆ ಅದರ ಕಾರಣ ತಿಳಿಯಲು ಕೊರೋನರ್ ಎಂಬ ಅಧಿಕಾರಿಯ ವಿಚಾರಣೆ ನಡೆಯುತ್ತದೆ. ಸ್ಥಳೀಯ ಪತ್ರಿಕೆಗಳಿಗೆ ಅದು ದಿನನಿತ್ಯದ ಸರಕು. ಟ್ರಾಮಿಗೆ ಸಿಕ್ಕಿ ಸತ್ತ ಒಬ್ಬನ ವಿಚಾರಣೆಗೂ ಸಾಕ್ಷಿಗಳ ಮಾತಿನ ಸಮೇತ ಅರ್ಧ ಅಂಕಣ ಸಿಗುತ್ತಿತ್ತು. ಅದೇ ಪತ್ರಿಕೆಯ ಅದೇ ತಿಂಗಳಿನಲ್ಲಿ ಸಣ್ಣಪುಟ್ಟ ಅಪಘಾತಗಳ ವಿಚಾರಣೆ ಬಂದಿದ್ದು, ‘ಅಪಘಾತದಲ್ಲಿ ಮರಣ’ ಹೊಂದಿದ ಇಷ್ಟು ಮಂದಿಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲವೆಂದಾದರೆ ಆ ಇಲ್ಲದಿರುವಿಕೆಗೆ ಸಾಕ್ಷ್ಯದ ತೂಕ ಬರುತ್ತದೆ.

ಬೇರೆ ಕಾರ್ಖಾನೆಗಳ ಸ್ಫೋಟದ ವರದಿಗಳೊಂದಿಗೆ ಹೋಲಿಸಿದರೆ ಮೌನದ ಅಳತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಾರ್ನ್‌ಬೋ ಆಗಿ ಆರು ವಾರಕ್ಕೆ, 1917ರ ಜನವರಿ 19ರಂದು, ಲಂಡನ್ನಿನ ಪೂರ್ವಭಾಗದ ಸಿಲ್ವರ್‌ಟೌನ್‌ನಲ್ಲಿ ಸುಮಾರು 50 ಟನ್ ಟಿಎನ್‌ಟಿ ಸ್ಫೋಟಕ ಸಿಡಿದು 73 ಮಂದಿ ಸತ್ತರು. ರಾಜಧಾನಿಯ ಉದ್ದಗಲಕ್ಕೂ ಕೇಳಿಸಿದ ಸದ್ದನ್ನು ಅಡಗಿಸುವುದು ಆಗದ ಮಾತು. ಸರ್ಕಾರವೇ ಹೇಳಿಕೆ ಕೊಟ್ಟಿತು. ಆದರೆ ಆ ಹೇಳಿಕೆಯಲ್ಲಿ ಸ್ಥಳದ ಹೆಸರಿನ ಬದಲು ‘ಲಂಡನ್ನಿನ ಸಮೀಪದ ಒಂದು ಮದ್ದುಗುಂಡು ಕಾರ್ಖಾನೆ’ ಎಂದಿತ್ತು. 1918ರ ಜುಲೈ 1ರಂದು ನಾಟಿಂಗ್‌ಹ್ಯಾಮ್ ಬಳಿಯ ಚಿಲ್‌ವೆಲ್‌ನಲ್ಲಿ 134 ಮಂದಿ ಸತ್ತಾಗ ಪತ್ರಿಕೆಗಳು ‘ಮಿಡ್‌ಲ್ಯಾಂಡ್ಸ್‌ನ (ಇಂಗ್ಲೆಂಡಿನ ನಡುಭಾಗದ) ಕಾರ್ಖಾನೆ’ ಎಂದಷ್ಟೇ ಬರೆದವು, ಸತ್ತವರ ಸಂಖ್ಯೆಯನ್ನು 60 ಎಂದವು. ಹಾಗಾದರೆ ಮೌನಕ್ಕೂ ಮೆಟ್ಟಿಲುಗಳಿವೆ. ಎಲ್ಲರಿಗೂ ಕೇಳಿಸಿದ್ದನ್ನು ಒಪ್ಪಿಕೊಂಡು ಜಾಗವನ್ನು ಮರೆಮಾಡುವುದು ಒಂದು ಮೆಟ್ಟಿಲು; ಸಂಖ್ಯೆಯನ್ನು ಕುಗ್ಗಿಸುವುದು ಇನ್ನೊಂದು. ಬಾರ್ನ್‌ಬೋದಲ್ಲಿ ಸ್ಫೋಟ ಒಂದು ಕೊಠಡಿಯೊಳಗೇ ಮುಗಿದಿತ್ತು, ಕಟ್ಟಡಗಳು ಊರಿನಿಂದ ದೂರದಲ್ಲಿದ್ದವು; ಅಲ್ಲಿ ಪೂರ್ಣ ಮೌನ ಸಾಧ್ಯವಾಯಿತು. ಸೇನಾಪತಿ ಡಗ್ಲಸ್ ಹೇಗ್ ಫ್ರಾನ್ಸಿನಿಂದ ಹೊರಡಿಸಿದ ವಿಶೇಷ ಆದೇಶದಲ್ಲಿ ಮದ್ದುಗುಂಡು ಕಾರ್ಮಿಕರ ನಿಷ್ಠೆ ಮತ್ತು ತ್ಯಾಗವನ್ನು ಕೊಂಡಾಡಿದರು. ಘಟನೆ ಎಲ್ಲಿಯದೆಂದು ಅದೂ ಬಾಯಿಬಿಡಲಿಲ್ಲ.

ಪತ್ರಿಕೆಯ ದಾರಿ ಇಲ್ಲಿಗೆ ನಿಲ್ಲುತ್ತದೆ. ಯಾವ ದಿನ, ಯಾರು, ಎಷ್ಟು ವಯಸ್ಸು, ಯಾವ ಬೀದಿ ಎಂಬುದನ್ನು ನಿಧನ ಸೂಚನೆಗಳು ಕೊಟ್ಟವು; ಯಾವ ಬಗೆಯ ಜಾಗ ಎಂದು ಊಹಿಸಲು ಬಿಟ್ಟವು. ಯಾವ ಕಾರ್ಖಾನೆ, ಯಾವ ಕೊಠಡಿ ಎಂಬುದನ್ನು ಅವು ಹೇಳಲಾರವು. ಅದಕ್ಕೆ ಮರಣ ನೋಂದಣಿ, ಸ್ಮಶಾನದ ದಾಖಲೆ ಪುಸ್ತಕ ಮತ್ತು ಸಚಿವಾಲಯದ ಕಡತಗಳತ್ತ ಹೊರಡಬೇಕು. ಮೊದಲೇ ಹೇಳಿದ ರೈಲಿನ ಊರುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಲೀಡ್ಸ್‌ನ ಪತ್ರಿಕೆಯೊಂದನ್ನೇ ಓದಿದವನ ಪಟ್ಟಿ ಎಂದಿಗೂ 35ಕ್ಕೆ ಮುಟ್ಟುವ ಭರವಸೆಯಿಲ್ಲ. ಯಾರ್ಕ್, ಹ್ಯಾರೋಗೇಟ್, ಕಾಸಲ್‌ಫರ್ಡ್ ಕಡೆಯ ಮನೆಯವರು ಸಹಜವಾಗಿಯೇ ತಮ್ಮ ಊರಿನ ಪತ್ರಿಕೆಗೆ ಹೋಗುತ್ತಾರೆ. ಸ್ಥಳೀಯ ಇತಿಹಾಸವೆಂದರೆ ಒಂದು ಊರಿನ ಎಲ್ಲೆಯೊಳಗಿನ ಇತಿಹಾಸವೆಂಬ ಅಭ್ಯಾಸದ ಕಲ್ಪನೆ ಇಂಥ ಕಡೆ ಅಡ್ಡಿಯಾಗುತ್ತದೆ. ಕಾರ್ಖಾನೆಯ ಊರು ಅದರ ರೈಲು ಮುಟ್ಟಿದಷ್ಟು ದೂರ.

ಸೈನಿಕರ ವಿಷಯದಲ್ಲಿ ಪತ್ರಿಕೆಯ ಹೆಸರನ್ನು ತಾಳೆ ನೋಡಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಇದೆ. ಈ ಹೆಂಗಸರು ಸಮವಸ್ತ್ರ ತೊಟ್ಟ ಸೇನೆಯವರಲ್ಲವಾದ್ದರಿಂದ ಆ ಪಟ್ಟಿ ಅವರನ್ನು ಒಳಗೊಳ್ಳುವುದಿಲ್ಲ. ಅವರ ಹೆಸರು ಸಿಗುವ ಒಂದು ಜಾಗ ಯಾರ್ಕ್ ಮಿನ್‌ಸ್ಟರ್ ಚರ್ಚು. ಅಲ್ಲಿನ ‘ಐವರು ಸಹೋದರಿಯರು’ ಎಂಬ ಹೆಸರಿನ ಪ್ರಾಚೀನ ಗಾಜಿನ ಕಿಟಕಿಯನ್ನು 1925ರಲ್ಲಿ ಯುದ್ಧದಲ್ಲಿ ಮಡಿದ ಮಹಿಳೆಯರ ಸ್ಮಾರಕವಾಗಿ ಅರ್ಪಿಸಲಾಯಿತು. ಸಮೀಪದ ಓಕ್ ಮರದ ಫಲಕಗಳಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರ ಹೆಸರು ಬರೆದಿದ್ದಾರೆ, ಬಾರ್ನ್‌ಬೋದವರ ಹೆಸರುಗಳೂ ಅಲ್ಲಿವೆ. ಪತ್ರಿಕೆಯಿಂದ ಕಟ್ಟಿದ ಪಟ್ಟಿಯನ್ನು ಈ ಫಲಕದ ಪಕ್ಕದಲ್ಲಿಟ್ಟು ನೋಡಿದಾಗಲೇ ಅಕ್ಷರದೋಷಗಳು, ಗಂಡನ ಹೆಸರಿನ ಗೊಂದಲಗಳು ಬಿಡಿಸಿಕೊಳ್ಳುತ್ತವೆ.

1924ರ ನಂತರ ಬಂದ ವಿವರಗಳನ್ನು ಓದುವಾಗ ಇನ್ನೊಂದು ಬಗೆಯ ಎಚ್ಚರ ಬೇಕು. ಎಂಟು ವರ್ಷ ಬಾಯಿಂದ ಬಾಯಿಗೆ ಹರಿದ ಕಥೆ ಅಚ್ಚಿಗೆ ಬರುವಾಗ ನುಣುಪಾಗಿರುತ್ತದೆ: ಧೀರ ಮೆಕ್ಯಾನಿಕ್, ಕೂಡಲೇ ಕೆಲಸಕ್ಕಿಳಿದ ಗೆಳತಿಯರು. ಇವು ನಡೆದ ಸಂಗತಿಗಳೇ, ಆದರೆ ಯಾವುದು ನೆನಪಿನಲ್ಲಿ ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಅದೇ ಕಾರ್ಖಾನೆಯಲ್ಲಿ 1917ರ ಮಾರ್ಚ್‌ನಲ್ಲಿ ಇನ್ನೊಂದು ಸ್ಫೋಟವಾಗಿ ಇಬ್ಬರು ಮಹಿಳೆಯರು ಸತ್ತರು. 1918ರ ಮೇ ತಿಂಗಳಲ್ಲಿ ಮತ್ತೊಂದರಲ್ಲಿ ಮೂವರು ಗಂಡಸರು ಸತ್ತರು. 35ರ ನೆರಳಿನಲ್ಲಿ ಈ ಐದು ಸಾವುಗಳು ಎಲ್ಲರ ಬಾಯಲ್ಲೂ ಅಡಿಟಿಪ್ಪಣಿಯಾಗಿಬಿಟ್ಟಿವೆ. ನಿಧನ ಸೂಚನೆಗಳನ್ನು ಓದುವ ಕ್ರಮಕ್ಕೆ ನಿಜವಾದ ಪರೀಕ್ಷೆ ಇವೇ. ಒಂದೇ ದಿನ ಮೂವತ್ತು ಸೂಚನೆಗಳು ಗುಂಪುಗೂಡಿದರೆ ಯಾರ ಕಣ್ಣಿಗಾದರೂ ಬೀಳುತ್ತವೆ. ಎರಡೋ ಮೂರೋ ಸಾಲುಗಳು ವಾರದ ಸಾವುಗಳಲ್ಲಿ ಬೆರೆತುಹೋಗುತ್ತವೆ. ಮೂವರು ಗಂಡಸರದಂತೂ ಆ ಕಾಲದ ಪುಟದಲ್ಲಿ ಯುದ್ಧರಂಗದ ಸಾವುಗಳ ಸಾಲಿನಲ್ಲಿ ಕರಗಿಯೇ ಹೋಗುತ್ತದೆ. ಅಂಥವರನ್ನು ಹೆಕ್ಕಬೇಕೆಂದರೆ ನೋಂದಣಿ ದಾಖಲೆಯಿಂದ ಹೊರಟು ಪತ್ರಿಕೆಗೆ ಬರಬೇಕು. 35 ಮಂದಿಯ ವಿಷಯದಲ್ಲಿ ನಡೆದ ದಾರಿಗೆ ಇದು ತಿರುವುಮುರುವು.

ಇನ್ನು ಈ ಪತ್ರಿಕೆಗಳು ಇಂದು ಎಲ್ಲಿವೆ ಎಂಬ ಒಂದು ಮಾತು. ಬ್ರಿಟಿಷ್ ಲೈಬ್ರರಿಯ ಪತ್ರಿಕಾ ಸಂಗ್ರಹ ಬಹುಕಾಲ ಲಂಡನ್ನಿನ ಕಾಲಿಂಡೇಲ್‌ನಲ್ಲಿತ್ತು. 2013ರಲ್ಲಿ ಅದನ್ನು ಮುಚ್ಚಿ, ಮೂಲ ಸಂಪುಟಗಳನ್ನು ಯಾರ್ಕ್‌ಶೈರ್‌ನ ಬೋಸ್ಟನ್ ಸ್ಪಾದಲ್ಲಿ ಕಟ್ಟಿದ ಹೊಸ ಉಗ್ರಾಣಕ್ಕೆ ಸಾಗಿಸಿದರು. ಬೆಂಕಿ ತಗುಲದಂತೆ ಒಳಗಿನ ಗಾಳಿಯಲ್ಲಿ ಆಮ್ಲಜನಕವನ್ನು ತಗ್ಗಿಸಿಟ್ಟ, ಯಂತ್ರಗಳೇ ಸಂಪುಟಗಳನ್ನು ಎತ್ತಿ ತರುವ ಕತ್ತಲೆಯ ಕಟ್ಟಡ ಅದು. ಬಾರ್ನ್‌ಬೋದಿಂದ ರಸ್ತೆಯಲ್ಲಿ ಅರ್ಧ ಗಂಟೆಯ ಹಾದಿ. ಬ್ರಿಟಿಷ್ ಲೈಬ್ರರಿಯ ಆ ನಿವೇಶನದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಇದ್ದದ್ದು ಥಾರ್ಪ್ ಆರ್ಚ್‌ನ ಸರ್ಕಾರಿ ಮದ್ದುಗುಂಡು ತುಂಬುವ ಕಾರ್ಖಾನೆ.